ಖಾನಾವಳಿಯ ಪಾರಂಪರಿಕ ಸಂಡಾಸ

ಊರಿಗೆ ಊರೇ ಕಂಪ್ಯೂಟರ್ ಕಲಿಯಲು ಓಡುತ್ತಿದ್ದ ಕಾಲದಲ್ಲಿ ನನಗೆ ಹಳೆಯ ಕಟ್ಟಡಗಳನ್ನು ಎಣಿಸುವ ಕೆಲಸ ಸಿಕ್ಕಿತು.

ಅಪ್ಪ ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದರು. ಗದಗ ಬಿಟ್ಟು ಬಂದು ವರ್ಷಗಳಾಗಿದ್ದರೂ ನಮ್ಮದು ಮನೆಯೊಳಗೆ ಗದಗಿನ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಆಟೋ ಹತ್ತಿದರೆ ಹಿಂದಿ. ನಾನು ಕಟ್ಟಡದ ನಕ್ಷೆ ಬಿಡಿಸುವ ಡಿಪ್ಲೊಮಾ ಮುಗಿಸಿದ್ದೆ. ಜೊತೆಗೆ ಓದಿದವರೆಲ್ಲ ಅಮೀರ್‌ಪೇಟೆಯಲ್ಲಿ ಮೂರು ತಿಂಗಳ ಕೋರ್ಸು ಮಾಡಿ ಮಾಧಾಪುರದ ಗಾಜಿನ ಕಟ್ಟಡಗಳೊಳಗೆ ಸೇರಿಕೊಂಡರು. ನಾನೂ ಒಂದು ವಾರ ಆ ಕೋರ್ಸಿಗೆ ಹೋಗಿದ್ದೆ. ಒಂದು ಕಂಪ್ಯೂಟರಿಗೆ ನಾಲ್ಕು ಜನ. ನನ್ನ ಪಾಳಿ ಬರುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಅದಕ್ಕೇ ಬಿಟ್ಟೆ.

ಹಿಮಾಯತ್ ನಗರದ ಸಣ್ಣ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಾಗ ಅವ್ವ ಕೇಳಿದಳು, "ಏನ್ ಕೆಲಸವಾ ಅದು?"

"ಊರಾಗಿನ ಹಳೇ ಮನಿ ಎಲ್ಲಾ ಪಟ್ಟಿ ಮಾಡೂದು. ಯಾರೂ ಕೆಡವಬಾರದಂತ ಸರ್ಕಾರ ಕಾಯ್ತೈತಂತ."

ಅವ್ವ, "ಬ್ಯಾರೇದವರ ಮಕ್ಕಳು ಹೊಸಾದು ಕಟ್ಟಾಕತ್ತಾರ. ನನ್ನ ಮಗಳು ಬೀಳೂವು ಎಣಸಾಕ ಹೊಂಟಾಳ," ಎಂದಳು. ಬಂಧುಗಳು ಕೇಳಿದರೆ ನಾನು 'ಸರ್ವೇ ಆಫೀಸಿನ್ಯಾಗ' ಇದ್ದೇನೆಂದು ಹೇಳುತ್ತಿದ್ದಳು. ಅವರು ಭೂಮಿಯ ಸರ್ವೇ ಎಂದುಕೊಂಡು, ನನಗೆ ತುಂಬ ಗೌರವ ಕೊಡುತ್ತಿದ್ದರು.

ಕಚೇರಿಯ ಯಜಮಾನರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಹಳೆಯ ಕಟ್ಟಡಗಳ ತಜ್ಞರು, ಸರ್ಕಾರಕ್ಕಾಗಿ ಈ ಪಟ್ಟಿ ಮಾಡುವ ಗುತ್ತಿಗೆ ಅವರದು. ಸುಣ್ಣದ ಗಚ್ಚಿನ ಗೋಡೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ, "ಗೋಡೆ ಉಸಿರಾಡುತ್ತದೆ, ನೋಡಿ," ಎನ್ನುತ್ತಿದ್ದರು. ಸ್ವತಃ ಅವರು ಇದ್ದದ್ದು ಹನ್ನೊಂದನೆಯ ಮಹಡಿಯ ಏಸಿ ಫ್ಲಾಟಿನಲ್ಲಿ. ಅಲ್ಲಿ ಕಿಟಕಿ ತೆರೆಯಲು ಬರುತ್ತಿರಲಿಲ್ಲ.

ನನ್ನ ಕೆಲಸ ಸರಳವಾಗಿತ್ತು. ಹಳೆಯ ಪಟ್ಟಿಯೊಂದನ್ನು ಹಿಡಿದುಕೊಂಡು ಓಣಿ ಓಣಿ ತಿರುಗಬೇಕು, ಅದರಲ್ಲಿ ಹೇಳಿದ ಕಟ್ಟಡ ಇನ್ನೂ ಇದೆಯೇ ನೋಡಬೇಕು, ಇದ್ದರೆ ಅಳೆದು ನಕ್ಷೆ ಬರೆಯಬೇಕು, ಪಟ್ಟಿಯಲ್ಲಿಲ್ಲದ ಹಳೆಯ ಮನೆ ಕಂಡರೆ ಸೇರಿಸಬೇಕು. ಪಟ್ಟಿಯಲ್ಲಿ ನವಾಬರ ಕಾಲದ ದೊಡ್ಡ ದೇವಡಿ ಮನೆ ಎಂದಿದ್ದ ಕಡೆ ಒಮ್ಮೆ ಮೂರು ಅಂತಸ್ತಿನ ಸೀರೆ ಅಂಗಡಿ ಸಿಕ್ಕಿತು. 'ಕಟ್ಟಡದ ಸ್ಥಿತಿ' ಎಂಬ ಕಾಲಂನಲ್ಲಿ ಏನು ಬರೆಯಲಿ ಎಂದು ಸಾಹೇಬರನ್ನು ಕೇಳಿದೆ. ಅವರು ಯೋಚಿಸಿ, "ಗಮನಾರ್ಹ ಬದಲಾವಣೆ ಆಗಿದೆ ಎಂದು ಬರೆಯಿರಿ," ಎಂದರು.

ಮನೆಯ ಮಾಲೀಕರಿಗೆ ನಮ್ಮ ಟೇಪು ಕಂಡರೆ ಎದೆ ಝಲ್ಲೆನ್ನುತ್ತಿತ್ತು. ಪಟ್ಟಿಗೆ ಸೇರಿದ ಮನೆಯನ್ನು ಬಿಲ್ಡರ್‌ಗಳು ಮೂಸಿಯೂ ನೋಡುವುದಿಲ್ಲ ಎಂಬ ಸುದ್ದಿ ನಮಗಿಂತ ಮುಂಚೆ ಓಣಿ ತಲುಪಿರುತ್ತಿತ್ತು. ನಾರಾಯಣಗೂಡದ ಒಬ್ಬರಂತೂ ನಾವು ಬರುವ ಹಿಂದಿನ ವಾರವೇ ಅಜ್ಜನ ಮನೆಯ ಕಮಾನುಗಳಿಗೆಲ್ಲ ಸ್ನಾನದ ಮನೆಯ ನೀಲಿ ಟೈಲ್ಸು ಹಾಕಿಸಿ, "ಇದು ಹೊಸ ಮನೆ ಮೇಡಂ, ಮೊನ್ನೆ ಕಟ್ಟಿದ್ದು," ಎಂದು ಕೈಮುಗಿದು ನಿಂತಿದ್ದರು.

ಅದೇ ಓಣಿಯ ಕೊನೆಯಲ್ಲಿ ನಮ್ಮ ಕಡೆಯವರದೊಂದು ಖಾನಾವಳಿ ಇತ್ತು. ರೊಟ್ಟಿ ಬಡಿಯುವ ಸದ್ದು ಬೀದಿಗೆ ಕೇಳುತ್ತಿತ್ತು. ಒಳಗೆ ಹೋದರೆ ನಡುವೆ ಅಂಗಳ, ಸುತ್ತ ಕಲ್ಲಿನ ಕಂಬದ ಪಡಸಾಲೆ, ಬೀದಿಯ ಕಡೆ ಮೇಲೆ ಸಾಗವಾನಿಯ ಬಾಲ್ಕನಿ. ಕಲಬುರಗಿ ಕಡೆಯಿಂದ ಬಂದು ನಿಜಾಮರ ಕಾಲದ ಕಚೇರಿಯೊಂದರಲ್ಲಿ ಮುನ್ಷಿಯಾಗಿದ್ದವರು ಕಟ್ಟಿಸಿದ ಮನೆ. ಈಗ ಅದನ್ನು ನಡೆಸುತ್ತಿದ್ದವರು ಅವರ ಮೊಮ್ಮಗಳು ಮತ್ತು ಮೊಮ್ಮಗಳ ಅತ್ತಿಗೆ. ಅತ್ತಿಗೆಗೆ ಅರವತ್ತು ದಾಟಿತ್ತು. ನಾದಿನಿ ಅವರನ್ನು ವೈನಿ ಎಂದು ಕರೆಯುತ್ತಿದ್ದುದರಿಂದ ಊಟಕ್ಕೆ ಬರುವ ಪಕ್ಕದ ಕೋಚಿಂಗ್ ಸೆಂಟರಿನ ಹುಡುಗರೂ ಅವರನ್ನು ವೈನಿ ಎಂದೇ ಕರೆಯುತ್ತಿದ್ದರು. ನಾದಿನಿ ಹಿಂದೆ ಶಾಲೆಯಲ್ಲಿ ಕಲಿಸುತ್ತಿದ್ದವರು. ಅವರು ಎಲ್ಲರಿಗೂ ಅಕ್ಕಾರು. ಇಬ್ಬರೂ ವಿಧವೆಯರು, ಇಬ್ಬರೂ ಜಗಳಗಂಟಿಯರು. ಆದರೆ ಜಗಳ ತಮ್ಮತಮ್ಮಲ್ಲಿ ಮಾತ್ರ.

ನಾನು ಟೇಪು ಹಿಡಿದು ನಿಂತಾಗ ವೈನಿ ತವೆಯ ಮುಂದಿನಿಂದಲೇ ಕೇಳಿದರು, "ಏನವಾ ತಂಗಿ, ಊಟಕ್ಕ ಬಂದೀಯೋ, ಅಳತಿಗೆ ಬಂದೀಯೋ?"

"ಎರಡಕ್ಕೂ ಬಂದೀನ್ರಿ," ಎಂದೆ.

ಕನ್ನಡ ಕೇಳಿ ಅವರ ಮುಖ ಅರಳಿತು. ಪುಂಡಿಪಲ್ಯೆ, ಎರಡು ರೊಟ್ಟಿ, ಶೇಂಗಾ ಚಟ್ನಿ ಬಂತು. ತಿನ್ನುತ್ತಾ ನಾನು ಪಟ್ಟಿಯ ವಿಷಯ ಹೇಳಿದೆ. ಪಕ್ಕದ ಜಾಗದಲ್ಲಿ ಸಾಫ್ಟ್‌ವೇರ್ ಕೋಚಿಂಗ್ ಸೆಂಟರ್ ಇಟ್ಟಿದ್ದವನು ಈ ಮನೆಯನ್ನೂ ಕೊಡಿ ಎಂದು ದಿನಾ ಪೀಡಿಸುತ್ತಿದ್ದನಂತೆ. ಪಟ್ಟಿಗೆ ಸೇರಿದರೆ ಅವನ ಕಾಟ ತಪ್ಪುತ್ತದೆ ಎಂದು ನಾನು ವಕೀಲಳ ಹಾಗೆ ವಾದಿಸಿದೆ. ಇಪ್ಪತ್ತೆರಡು ವರ್ಷದ ನನಗೆ ಆ ಮನೆಯ ಮೇಲೆ ಪ್ರೀತಿ ಹುಟ್ಟಿತ್ತು. ಅದು ರೊಟ್ಟಿಯಿಂದ ಹುಟ್ಟಿತೋ ಕಂಬಗಳಿಂದ ಹುಟ್ಟಿತೋ ಈಗ ಹೇಳಲಾರೆ.

ಅಕ್ಕಾರು ಕನ್ನಡಕ ಸರಿಮಾಡಿಕೊಂಡು, "ಪಟ್ಟಿಗೆ ಸೇರಿದ್ರ ಸರ್ಕಾರದವರು ಏನ್ ಕೊಡ್ತಾರ?" ಎಂದು ಕೇಳಿದರು.

"ಬೋರ್ಡ್ ಕೊಡ್ತಾರ್ರಿ."

"ಮತ್ತ?"

"ಅಷ್ಟ ರಿ."

ಅಕ್ಕಾರು ವೈನಿಯ ಮುಖ ನೋಡಿದರು. ವೈನಿ, "ಬರಕೋ ಹೋಗ್ಲಿ. ಆ ಕೋಚಿಂಗ್‌ನವ ದಿನಾ ಬಂದು ತಲಿ ತಿನ್ನೂದರ ತಪ್ಪತೈತಿ," ಎಂದರು. ಹೀಗೆ ಆ ಮನೆ ಎರಡನೆಯ ದರ್ಜೆಯ ಪಾರಂಪರಿಕ ಕಟ್ಟಡವಾಯಿತು. ಬರೆದುಕೊಂಡವಳು ನಾನು.

ತೊಂದರೆ ಶುರುವಾದದ್ದು ವೈನಿಯ ಮೊಣಕಾಲಿನಿಂದ. ಮನೆಯ ಸಂಡಾಸ ಹಿತ್ತಲಿನ ತುದಿಯಲ್ಲಿತ್ತು. ಐದು ಮೆಟ್ಟಿಲು ಹತ್ತಬೇಕು, ಮೇಲೆ ಹೋಗಿ ಕುಕ್ಕರುಗಾಲಲ್ಲಿ ಕೂರಬೇಕು. ಡಾಕ್ಟರು ಇನ್ನು ಮುಂದೆ ಹಾಗೆ ಕೂರಲೇಬಾರದು ಎಂದಿದ್ದರು. ಅಡುಗೆಮನೆಯ ಪಕ್ಕ, ಅಂಗಳದ ಮೂಲೆಯಲ್ಲಿ ಒಂದು ಸಣ್ಣ ಕೋಣೆ ಕಟ್ಟಿಸಿ ಕಮೋಡು ಹಾಕಿಸೋಣವೆಂದು ಅಕ್ಕಾರು ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿ ಬಾಗಿಲಲ್ಲಿದ್ದ ಬೋರ್ಡು ಓದಿ, "ನಕ್ಕೋ ಅಮ್ಮಾ," ಬೇಡವೇ ಬೇಡ, ಎಂದು ಹಾಗೇ ಹಿಂದಿರುಗಿದ. ಅನುಮತಿಯಿಲ್ಲದೆ ಒಂದು ಇಟ್ಟಿಗೆ ಇಟ್ಟರೂ ಜೈಲು ಎಂದು ಬೋರ್ಡಿನ ಕೆಳಗೆ ಮೂರು ಭಾಷೆಯಲ್ಲಿ ಬರೆದಿತ್ತು.

ಅರ್ಜಿ ಬರೆದುಕೊಟ್ಟವಳೂ ನಾನೇ. ನಾಲ್ಕು ತಿಂಗಳಾದ ಮೇಲೆ ಅನುಮತಿ ಕೊಡುವ ಪಾರಂಪರಿಕ ಕಟ್ಟಡಗಳ ಸಮಿತಿಯವರು ಸ್ಥಳ ಪರಿಶೀಲನೆಗೆ ಬಂದರು. ಸಾಹೇಬರೂ ಸೇರಿ ಐದು ಜನ. ಬಂದದ್ದು ಸರಿಯಾಗಿ ಮಧ್ಯಾಹ್ನ ಒಂದು ಗಂಟೆಗೆ. ಊಟ ಮುಗಿಯುವಷ್ಟರಲ್ಲಿ ಮೂರಾಯಿತು. ಒಬ್ಬರು ಮಾಡಿನ ತೊಲೆಗೆ ಹಿಡಿದಿದ್ದ ಹೊಗೆಯ ಕರಿಯನ್ನು ನೋಡಿ, ಇದನ್ನು ಯಾವ ಕಾರಣಕ್ಕೂ ಒರೆಸಬಾರದು, ಇದು ಇತಿಹಾಸ ಎಂದರು. ವೈನಿ ದೀಪಾವಳಿಗೆ ಅದನ್ನು ತೊಳೆಸಬೇಕೆಂದಿದ್ದರು. ಇನ್ನೊಬ್ಬರು ಮೂಲೆಗೆ ಹೋಗಿ ನಿಂತು, ಇಲ್ಲಿ ಕೋಣೆ ಬಂದರೆ ಅಂಗಳದ ಸ್ವಭಾವ ಕೆಡುತ್ತದೆ ಎಂದರು. ಮೂರನೆಯವರ ಆಕ್ಷೇಪ ಕೋಣೆಗಲ್ಲ, ಕಮೋಡಿಗೆ. ಮನೆ ದೇಶೀಯ ಶೈಲಿಯದು, ಕಮೋಡು ವಿದೇಶಿ ಶೈಲಿಯದು, ಎರಡೂ ಹೊಂದುವುದಿಲ್ಲವಂತೆ.

ಸಾಹೇಬರು ರಾಜಿ ಮಾಡಲು ನೋಡಿದರು. "ಬೇಕಾದಾಗ ತೆಗೆದುಬಿಡುವಂಥ ಟೆಂಪರರಿ ವ್ಯವಸ್ಥೆ ಮಾಡಿಕೊಳ್ಳಬಹುದಲ್ಲ?"

ವೈನಿ ತಟ್ಟೆ ಎತ್ತುತ್ತಿದ್ದವರು ನಿಂತರು. "ನನ್ನ ಮಣಕಾಲು ಪರ್ಮನೆಂಟ್ ಹೋಗ್ಯಾವ್ರಿ ಸಾಹೇಬ್ರ."

ಎಲ್ಲರೂ ನಕ್ಕರು. ಚೆನ್ನಾಗಿ ಮಾತಾಡುತ್ತಾರೆ ಎಂದು ಮೆಚ್ಚಿಕೊಂಡರು. ಅರ್ಜಿಯ ಮೇಲೆ 'ಹೆಚ್ಚಿನ ಅಧ್ಯಯನ ಅಗತ್ಯ' ಎಂದು ಬರೆದು, ಶೇಂಗಾ ಚಟ್ನಿಯನ್ನು ಪೊಟ್ಟಣ ಕಟ್ಟಿಸಿಕೊಂಡು ಹೋದರು.

ಈ ಅಧ್ಯಯನ ನಡೆಯುತ್ತಿದ್ದಾಗ ಪಕ್ಕದ ಕೋಚಿಂಗ್ ಸೆಂಟರಿನವನು ತನ್ನ ಹಳೆಯ ಶೆಡ್ಡು ಕೆಡವಿ ಆರಂತಸ್ತು ಎಬ್ಬಿಸಿದ. ಅವನ ಜಾಗ ಪಟ್ಟಿಯಲ್ಲಿರಲಿಲ್ಲವಾದ್ದರಿಂದ ಅವನಿಗೆ ಸ್ವಭಾವ ಕೆಡಿಸುವ ಹಕ್ಕಿತ್ತು. ಪಾಯ ತೋಡುವಾಗ ಖಾನಾವಳಿಯ ಪೂರ್ವದ ಗೋಡೆಯಲ್ಲಿ ಮೊಳದುದ್ದ ಬಿರುಕು ಬಿಟ್ಟಿತು. ಅದಕ್ಕೆ ಸಿಮೆಂಟು ಮೆತ್ತಬೇಡಿ, ಗಚ್ಚನ್ನೇ ಅರೆದು ಹಚ್ಚಬೇಕು ಎಂದು ಸಮಿತಿಯ ಪರವಾಗಿ ನಾವು ನೋಟಿಸು ಕೊಟ್ಟೆವು, ಖಾನಾವಳಿಯವರಿಗೆ. ಗಾಜಿನ ಗೋಡೆ ಎದ್ದ ಮೇಲೆ ಬಿಸಿಲು ಅದಕ್ಕೆ ಬಡಿದು ಅಂಗಳಕ್ಕೆ ಬೀಳತೊಡಗಿತು. "ಹಪ್ಪಳ ಎರಡು ತಾಸಿನ್ಯಾಗ ಒಣಗತಾವ ನೋಡ," ಎಂದು ವೈನಿ ಹೇಳಿದರು. ಸಾಹೇಬರು ಮಾತ್ರ ಗಾಜಿನಲ್ಲಿ ಮೂಡಿದ ಸಾಗವಾನಿ ಬಾಲ್ಕನಿಯ ಪ್ರತಿಬಿಂಬ ನೋಡಿ ಫೋಟೋ ತೆಗೆದರು. ಹಳತು ಹೊಸತರ ಸಂವಾದ ಎಂಬ ಹೆಸರಿನಲ್ಲಿ ಅದು ನಮ್ಮ ಕಚೇರಿಯ ಕ್ಯಾಲೆಂಡರಿನಲ್ಲಿ ಬಂತು.

ಆ ಮಳೆಗಾಲದ ಒಂದು ಬೆಳಿಗ್ಗೆ ವೈನಿ ಸಂಡಾಸದ ಮೆಟ್ಟಿಲಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು.

ನನಗೆ ತಿಳಿದದ್ದು ಮೂರು ದಿನದ ಮೇಲೆ, ಊಟಕ್ಕೆ ಹೋದಾಗ. ಬೀದಿಯಲ್ಲಿ ರೊಟ್ಟಿಯ ಸದ್ದಿರಲಿಲ್ಲ. ಬಾಗಿಲಿಗೆ ಒಂದು ರಟ್ಟಿನ ತುಂಡು ತೂಗುಹಾಕಿ ತೆಲುಗಿನಲ್ಲೂ ಕನ್ನಡದಲ್ಲೂ 'ಊಟ ಇಲ್ಲ' ಎಂದು ಬರೆದಿದ್ದರು, ಅಕ್ಕಾರ ಮುದ್ದಾದ ಶಾಲೆಯ ಅಕ್ಷರದಲ್ಲಿ. ಒಳಗೆ ವೈನಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಕೈಗೆ ಪ್ಲಾಸ್ಟರು. ನನ್ನನ್ನು ಬೈಯುತ್ತಾರೆ ಎಂದು ಹೆದರಿದ್ದೆ. ಬೈಯಲಿಲ್ಲ. "ಉಂಡೀಯೇನು?" ಎಂದು ಕೇಳಿದರು, ಅಷ್ಟೇ. ಬೈದವರು ಅಕ್ಕಾರು.

"ನೀನ ಬರಕೊಂಡು ಹೋದಿ. ಮನಿ ಕಾಯ್ತಾರಂದಿ. ಮನಿ ಕಾಯಾಕತ್ತಾರ, ಮನ್ಯಾಗಿನ ಮಂದಿನ್ನ ಯಾರು ಕಾಯಬೇಕು?"

ಹೇಗಾದರೂ ಮಾಡುತ್ತೇನೆ ಎಂದು ತೊದಲಿದೆ. ಟೇಪು ತೆಗೆದು, ಅಳತೆ ಬಾಯಿಪಾಠವಾಗಿದ್ದ ಆ ಮೂಲೆಯನ್ನೇ ಮತ್ತೆ ಅಳೆಯುತ್ತಾ ಕುಳಿತೆ. ಏನು ಮಾಡುವುದೆಂದು ತೋಚದಿದ್ದಾಗ ನಾನು ಅಳೆಯುತ್ತೇನೆ. ಆಗ ಗೋಡೆಯ ಬುಡದಲ್ಲಿ ಇಟ್ಟಿಗೆಯಿಂದ ಮುಚ್ಚಿದ ಒಂದು ಹಳೆಯ ಮೋರಿಯ ಕಂಡಿ ಕಾಣಿಸಿತು.

"ಇಲ್ಲೆ ಮೊದಲು ಏನಿತ್ರಿ?" ಎಂದೆ.

"ಹಂಡೇದ ಒಲಿ ಇತ್ತು. ಬಚ್ಚಲಿಲ್ಲ, ಏನಿಲ್ಲ. ಕಟ್ಟಿಗಿ ಒಟ್ಟತಿದ್ವಿ," ಎಂದರು ವೈನಿ.

"ಕೋಣಿ ಇರಲಿಲ್ಲೇನ್ರಿ?"

"ಇರಲಿಲ್ಲವಾ."

ಅಕ್ಕಾರು ನನ್ನ ಮುಖ ನೋಡಿದರು. ಮೂವತ್ತು ವರ್ಷ ಮಕ್ಕಳ ಪರೀಕ್ಷೆ ಪತ್ರಿಕೆ ತಿದ್ದಿದವರು. ನಾನೇನು ಯೋಚಿಸುತ್ತಿದ್ದೇನೆಂದು ಗೊತ್ತಾಗಲು ಅವರಿಗೆ ಎರಡು ಕ್ಷಣ ಸಾಕಾಯಿತು. "ಇತ್ತು ಅಂತ ಬರಿ," ಎಂದರು.

"ಏಯ್, ಸುಳ್ಳು ಹೇಳಬ್ಯಾಡ್ರಿ," ಎಂದರು ವೈನಿ.

"ವೈನಿ, ನೀವು ಈ ಮನಿಗೆ ಬಂದಿದ್ದು ಲಗ್ನ ಆದಮ್ಯಾಲ. ನಾ ಹುಟ್ಟಿದ್ದ ಇಲ್ಲೆ. ನನಗ ನೆನಪೈತಿ, ಇತ್ತು."

ಆ ವಾರ ನಾನು ಬಿಡಿಸಿದ ನಕ್ಷೆಯಷ್ಟು ಚಂದದ ನಕ್ಷೆಯನ್ನು ಮತ್ತೆಂದೂ ಬಿಡಿಸಿಲ್ಲ. ಅಂಗಳದ ಮೂಲೆಯಲ್ಲಿ ಚುಕ್ಕಿ ಗೆರೆಯಿಂದ ಒಂದು ಕೋಣೆ. ಪಕ್ಕದಲ್ಲಿ 'ಹಿಂದೆ ಇದ್ದು ನಾಶವಾದ ಶೌಚಗೃಹದ ಕುರುಹು'. ಮೋರಿಯ ಕಂಡಿಯನ್ನು ನಾಲ್ಕು ಕೋನಗಳಿಂದ ಬಿಡಿಸಿ ತೋರಿಸಿದೆ. ಅರ್ಜಿಯಲ್ಲಿ 'ಹೊಸ ಕೋಣೆ ಕಟ್ಟಲು' ಎಂಬುದನ್ನು ತೆಗೆದು 'ಮೂಲ ಶೌಚಗೃಹದ ಪುನರುದ್ಧಾರ' ಎಂದು ಬರೆದೆ. ಹಿಡಿದುಬಿಟ್ಟರೆ ಕೆಲಸ ಹೋಗುತ್ತದೆ, ಅವ್ವನಿಗೆ ಏನು ಹೇಳಲಿ ಎಂದೇ ಚಿಂತೆ.

ಹತ್ತು ತಿಂಗಳು ಅಲುಗಾಡದಿದ್ದ ಫೈಲು ಹತ್ತೇ ದಿನದಲ್ಲಿ ಪಾಸಾಯಿತು. ಕಮೋಡಿನ ಬಗ್ಗೆ ತಕರಾರು ತೆಗೆದಿದ್ದವರೇ ಈ ಪುನರುದ್ಧಾರ ಬೇಗ ಆಗಬೇಕೆಂದು ಷರಾ ಬರೆದಿದ್ದರು. ಒಂದೇ ಷರತ್ತು: ಗೋಡೆ ಗಚ್ಚಿನದೇ ಆಗಿರಬೇಕು.

ವೈನಿಯ ಪ್ಲಾಸ್ಟರು ಬಿಚ್ಚುವ ಹೊತ್ತಿಗೆ ಸಂಡಾಸ ತಯಾರಾಯಿತು. ಸಣ್ಣ ಕಮಾನಿನ ಬಾಗಿಲು, ಮೇಲೆ ಗಚ್ಚಿನ ಹೂಬಳ್ಳಿ, ಒಳಗೆ ಬಿಳಿಯ ಕಮೋಡು, ಹಿಡಿದು ಏಳಲು ಸ್ಟೀಲಿನ ಕಂಬಿ. ಮೊದಲ ದಿನ ವೈನಿ ಹೊರಗೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ತಲೆಯ ಮೇಲೆ ಕೈ ಇಟ್ಟರು. ನನಗೆ ಅಳು ಬಂತು. ಅಕ್ಕಾರು, "ಸಾಕು, ರೊಟ್ಟಿ ಆರತೈತಿ," ಎಂದು ಗದರಿದರು.

ಸುಳ್ಳು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ದಿನ ಸಾಹೇಬರು ನನ್ನ ನಕ್ಷೆ ಹಿಡಿದುಕೊಂಡು ಕರೆದರು. ಹಳೆಯ ನಕ್ಷೆಯನ್ನೂ ಪಕ್ಕದಲ್ಲಿ ಹರಡಿದ್ದರು. ಮೊದಲ ಸಲ ಅಳೆದಾಗ ಆ ಮೂಲೆಯಲ್ಲಿ ನಾನೇ 'ಕಟ್ಟಿಗೆ' ಎಂದು ಬರೆದಿದ್ದೆ.

"ಇದೇನು?" ಎಂದರು.

ನಾನು ಎಲ್ಲವನ್ನೂ ಹೇಳಿಬಿಟ್ಟೆ. ವೈನಿ ಬಿದ್ದದ್ದು, ಕೈ ಮುರಿದದ್ದು, ನಕ್ಷೆ ಬರೆದದ್ದು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕೆಲಸ ಹೋಯಿತು ಎಂದುಕೊಂಡೆ.

"ಈ ವಿಷಯ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು," ಎಂದರು. "ಮುಂದಿನ ತಿಂಗಳ ಸಮ್ಮೇಳನಕ್ಕೆ ನಾನು ಇದರ ಮೇಲೆ ಪ್ರಬಂಧ ಕಳಿಸಿಯಾಗಿದೆ. ದಖ್ಖನಿನ ಮಧ್ಯಮ ವರ್ಗದ ಮನೆಗಳಲ್ಲಿ ಶೌಚ ವ್ಯವಸ್ಥೆ. ಈಗ ವಾಪಸು ತೆಗೆದುಕೊಳ್ಳಲು ಬರುವುದಿಲ್ಲ." ಹಳೆಯ ನಕ್ಷೆಯನ್ನು ಮಡಿಸಿ ತಮ್ಮ ಡ್ರಾಯರಿನಲ್ಲಿಟ್ಟರು. "ಸ್ಲೈಡುಗಳನ್ನು ನೀವೇ ತಯಾರಿಸಿ."

ತಯಾರಿಸಿದೆ. ಅವರನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ.

ಪ್ರಬಂಧಕ್ಕೆ ಚಪ್ಪಾಳೆ ಬಿತ್ತು. ಆಮೇಲೆ ಭಾನುವಾರಗಳಂದು ಮಾಧಾಪುರದ ಸಾಫ್ಟ್‌ವೇರ್ ಮಂದಿ ಹೆರಿಟೇಜ್ ವಾಕ್ ಎಂದು ಬರತೊಡಗಿದರು. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ನೀರಿನ ಬಾಟಲಿ. ಗೈಡು ಅವರನ್ನು ಅಂಗಳದಲ್ಲಿ ನಿಲ್ಲಿಸಿ, ಇಡೀ ಬಡಾವಣೆಯಲ್ಲಿ ಉಳಿದಿರುವ ಏಕೈಕ ಮೂಲ ಶೌಚಗೃಹ ಎಂದು ಕೈ ತೋರಿಸುತ್ತಿದ್ದ. ಒಮ್ಮೆ ವೈನಿ ಒಳಗಿದ್ದಾಗಲೇ ಇಪ್ಪತ್ತು ಜನ ಹೊರಗೆ ನಿಂತು ಕಮಾನಿನ ಹೂಬಳ್ಳಿಯ ಫೋಟೋ ತೆಗೆಯುತ್ತಿದ್ದರಂತೆ. ವೈನಿ ಒಳಗಿನಿಂದಲೇ ಕೂಗಿ, "ಅಕ್ಕಾರ, ಅವರನ್ನ ಊಟಕ್ಕ ಕುಂದರಸ್ರಿ, ನಾ ಹೊರಗ ಬರೂಮಟ ಯಾರೂ ಇಲ್ಲೆ ನಿಂದರಬಾರದು!" ಎಂದರಂತೆ. ಅಂದು ಐವತ್ತು ರೊಟ್ಟಿ ಹೆಚ್ಚಿಗೆ ಹೋದವು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅಕ್ಕಾರು ಗೈಡಿಗಿಂತ ಚೆನ್ನಾಗಿ ಕಥೆ ಹೇಳುತ್ತಿದ್ದರು. ಅವರ ಕಥೆಯಲ್ಲಿ ಮುನ್ಷಿ ಅಜ್ಜ ಆ ಕಮಾನನ್ನು ಸ್ವಂತ ಕೈಯಿಂದ ಕಟ್ಟಿದ್ದರು. ನಾನು ಪಕ್ಕದಲ್ಲಿ ನಿಂತು ತಲೆ ತಗ್ಗಿಸುತ್ತಿದ್ದೆ.

ಹೀಗೆ ಹಲವು ವರ್ಷ ನಡೆಯಿತು. ನಾನು ಬೇರೆ ಕಚೇರಿ ಸೇರಿದೆ. ಅಲ್ಲಿ ಹೊಸ ಅಪಾರ್ಟ್‌ಮೆಂಟುಗಳ ನಕ್ಷೆ ಬಿಡಿಸುವ ಕೆಲಸ. ಅವ್ವ ಸಮಾಧಾನಪಟ್ಟಳು. ಒಂದು ದಿನ ಪೇಪರಿನಲ್ಲಿ ಆ ಪಟ್ಟಿಯ ನಿಯಮವೇ ರದ್ದಾಗಿದೆ ಎಂದು ಸಣ್ಣ ಸುದ್ದಿ ಬಂತು. ಅದರ ಮೇಲೆ ಅರ್ಧ ಪುಟದ ಗೇಟೆಡ್ ಕಮ್ಯುನಿಟಿಯ ಜಾಹೀರಾತಿತ್ತು.

ಮರುದಿನವೇ ನಾರಾಯಣಗೂಡಕ್ಕೆ ಓಡಿದೆ. ಮನೆಯನ್ನು ಕಾಪಾಡಲು ಏನಾದರೂ ಮಾಡಬೇಕು, ಸಹಿ ಸಂಗ್ರಹಿಸಬೇಕು, ಪತ್ರಿಕೆಗೆ ಬರೆಯಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡಿದ್ದೆ. ಅಂಗಳದಲ್ಲಿ ಕೋಚಿಂಗ್ ಸೆಂಟರಿನವನು ಕುಳಿತು ಚಹಾ ಕುಡಿಯುತ್ತಿದ್ದ. ಮನೆ ಮಾರುವ ಮಾತುಕತೆ ಮುಗಿದಿತ್ತು.

"ಕೊಡಬ್ಯಾಡ್ರಿ ವೈನಿ," ಎಂದೆ. "ಇಂಥಾ ಮನಿ ಮತ್ತ ಯಾರೂ ಕಟ್ಟೂದಿಲ್ಲ."

ವೈನಿ ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. "ಹೌದವಾ, ಭಾಳ ಚಂದ ಐತಿ. ನೀ ಇರ್ತಿಯೇನ್ ಇಲ್ಲೆ? ಕಸ ಹೊಡದು, ಮಾಡು ಸೋರಿದ್ರ ಬುಟ್ಟಿ ಇಟ್ಟು, ಆ ಗಾಜಿನ ಬಿಸಿಲಾಗ ಬೇಸಗಿ ಕಳೀತಿಯೇನು? ಇರೂದಾದ್ರ ಹೇಳು, ಈಗ ಇವರನ್ನ ಕಳಸ್ತೀನಿ."

ಆಗ ನಾನಿದ್ದದ್ದು ಏಳನೆಯ ಮಹಡಿಯಲ್ಲಿ.

ಮನೆ ಹೋಯಿತು. ಸಾಗವಾನಿಯ ಬಾಲ್ಕನಿಯನ್ನು ಸಾಹೇಬರು ತಾವೇ ಮುಂದೆ ನಿಂತು ಜೋಪಾನವಾಗಿ ಬಿಚ್ಚಿಸಿ, ಸಾಫ್ಟ್‌ವೇರ್ ಕಂಪನಿಯೊಂದರ ಕ್ಯಾಂಟೀನಿನ ಗೋಡೆಗೆ ಹೊಂದಿಸಿಕೊಟ್ಟರು. ಅದರ ಹಿಂದೆ ಏಸಿಯ ಪೈಪುಗಳಿವೆ.

ವೈನಿ ಮತ್ತು ಅಕ್ಕಾರು ಕೂಕಟ್‌ಪಲ್ಲಿಯಲ್ಲಿ ಒಂದು ಫ್ಲಾಟಿಗೆ ಹೋದರು. ಕಳೆದ ತಿಂಗಳು ಹೋಗಿದ್ದೆ. ಅಲ್ಲೂ ಖಾನಾವಳಿ ನಡೆದಿದೆ. ಡಬ್ಬಿ ಕಟ್ಟಿ ಕಳಿಸುತ್ತಾರೆ. ನಾನು ಹೋದ ದಿನ ಅಕ್ಕಾರು ಬಹಳ ಹುರುಪಿನಲ್ಲಿದ್ದರು. ಬೆಳಿಗ್ಗೆ ಆರು ಗಂಟೆಗೇ ರೊಟ್ಟಿ ಬಡಿಯುವ ಸದ್ದಿನಿಂದ ನಿದ್ದೆ ಕೆಡುತ್ತದೆ ಎಂದು ಕೆಳಗಿನ ಮನೆಯವರು ಅಸೋಸಿಯೇಷನ್‌ಗೆ ದೂರು ಕೊಟ್ಟಿದ್ದರಂತೆ. ಸಭೆ ಕರೆದಿದ್ದರಂತೆ. ವೈನಿ ಬುಟ್ಟಿ ತುಂಬ ಬಿಸಿ ರೊಟ್ಟಿ ತೆಗೆದುಕೊಂಡು ಲಿಫ್ಟಿನಲ್ಲಿ ಇಳಿದು ಸಭೆಗೆ ಹೋಗಿ, ಎಲ್ಲರಿಗೂ ಬಡಿಸಿ ಬಂದರಂತೆ.

"ಆಮ್ಯಾಲೇನಾತ್ರಿ?" ಎಂದೆ.

"ಏನಾಗತೈತಿ? ಏಳೂವರಿ ಮ್ಯಾಲ ಬಡೀರಿ ಅಂದ್ರು," ಎಂದರು ವೈನಿ, ಹಿಟ್ಟು ನಾದುತ್ತಾ. "ದೂರು ಕೊಟ್ಟಾವರು ದಿನಾ ಆರು ರೊಟ್ಟಿ ಒಯ್ತಾರ."